ಕೆಸರಲ್ಲಿ ಒಂದು ಪೆನಾಲ್ಟಿ

ಬೆಳಗ್ಗೆ ಕಾಫಿ ಕುಡೀತಾ ಸುಮ್ನೆ ಮೊಬೈಲ್ ನೋಡುತ್ತಿದ್ದೆ. 1984ರ ಒಂದು ಹಳೇ ವಿಡಿಯೊ ಸಿಕ್ಕಿತು.

ಇಂಗ್ಲೆಂಡಿನ ಲೂಟನ್. ಮಹಿಳೆಯರ ಫುಟ್‌ಬಾಲ್‌ನ ಮೊದಲ ಯುರೋ, ಅಂದರೆ ಯುರೋಪ್ ದೇಶಗಳ ಕಪ್. ಅದರ ಫೈನಲ್‌ನ ಎರಡನೇ ಪಂದ್ಯ. ಮೈದಾನ ನೋಡಬೇಕು ನೀವು, ನಾಟಿಗೆ ಹದ ಮಾಡಿದ ಗದ್ದೆ ಥರ! ಅಂಥ ಕೆಸರಲ್ಲಿ ಸ್ವೀಡನ್‌ನ ಪಿಯಾ ಸುಂಡ್‌ಹಾಗೆ ಅನ್ನೋ ಆಟಗಾರ್ತಿ ಗೆಲುವು ತೀರ್ಮಾನಿಸುವ ಕೊನೆಯ ಪೆನಾಲ್ಟಿ ಒದೆಯಲು ಬರುತ್ತಾರೆ. ಒದ್ದರು. ಗೋಲ್. ಕಪ್ ಸ್ವೀಡನ್‌ಗೆ.

ಚಿಕ್ಕವರಿದ್ದಾಗ 'ಪೆಲ್ಲೆ' ಅಂತ ಹುಡುಗನ ಹೆಸರಲ್ಲಿ ಹುಡುಗರ ಜೊತೆ ಆಡಿದವರು ಇವರು. ಆಮೇಲೆ ದೇಶಕ್ಕಾಗಿ 146 ಪಂದ್ಯ, 71 ಗೋಲು.

ಕೋಚ್ ಆಗಿ ಅಮೆರಿಕಕ್ಕೆ 2008, 2012ರಲ್ಲಿ ಒಲಿಂಪಿಕ್ಸ್ ಚಿನ್ನ ಕೊಡಿಸಿದರು. 2016ರಲ್ಲಿ ತಮ್ಮ ಸ್ವೀಡನ್ ಜೊತೆ ನಿಂತು ಅದೇ ಅಮೆರಿಕವನ್ನು ಮನೆಗೆ ಕಳಿಸಿ ಬೆಳ್ಳಿ ಗೆದ್ದರು. ಅಮೆರಿಕವನ್ನು ಸೋಲಿಸಿದ್ದೂ ಪೆನಾಲ್ಟಿಯಲ್ಲೇ!

ನನಗೆ ಜಾಸ್ತಿ ಇಷ್ಟ ಆಗಿದ್ದು ಬೇರೆ. ಅಮೆರಿಕದ ಆಟಗಾರ್ತಿಯರನ್ನು ಮೊದಲ ಸಲ ಭೇಟಿಯಾದಾಗ ಇವರು ಗಿಟಾರ್ ಹಿಡಿದು ಹಾಡಿದರಂತೆ. ಹೊಸ ಕೋಚ್ ಬಂದರೆ ದೊಡ್ಡ ಭಾಷಣ ಇರುತ್ತೆ ಅಂದ್ಕೋತೀವಿ, ಅಲ್ವಾ? ಹಾಗೆ ಹಾಡೋಕೆ ಎಷ್ಟು ಧೈರ್ಯ ಬೇಕು. ಪೆನಾಲ್ಟಿ ಒದೆಯುವಷ್ಟೇ ಧೈರ್ಯ.

ಕಾಫಿ ಆರಿಹೋಗಿತ್ತು. ಆ ಗೋಲನ್ನು ಇನ್ನೊಂದು ಸಲ ಹಾಕಿ ನೋಡಿದೆ.