ಈ ಮಳೆಯಲ್ಲಿ ಕಾಂಪೋಸ್ಟ್ ಆಗುತ್ತಾ?

ಅಡುಗೆಮನೆ ಕಸವನ್ನು ನಾನು ಮನೆಯಲ್ಲೇ ಗೊಬ್ಬರ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಶಿವಮೊಗ್ಗದಲ್ಲಿ ಎಲ್ಲರೂ ಕೇಳುವುದು ಇದನ್ನೇ: "ಬೇಸಿಗೆಯಲ್ಲಿ ಸರಿ, ನಮ್ಮ ಮಳೆಗಾಲದಲ್ಲಿ ಆಗುತ್ತಾ? ವಾಸನೆ ಬರಲ್ವಾ?"

ಆಗುತ್ತದೆ. ಆದರೆ ಮಳೆಗಾಲದ ತಯಾರಿ ಫೆಬ್ರವರಿ, ಮಾರ್ಚ್‌ನಲ್ಲೇ ಶುರುವಾಗಬೇಕು.

ವಾಸನೆ ಬರುವುದು ಗಾಳಿ ಆಡದಿದ್ದಾಗ. ಸಿಪ್ಪೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡರೆ ಸಂದಿಗಳಲ್ಲೆಲ್ಲ ನೀರು ತುಂಬುತ್ತದೆ, ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಸೋತು, ಗಾಳಿ ಬೇಡದವು ಹೆಚ್ಚಾಗುತ್ತವೆ. ಅವು ಕೊಳೆಸುವಾಗ ನಾತವೂ ಬರುತ್ತದೆ, ಮೀಥೇನ್ ಅನಿಲವೂ ಹುಟ್ಟುತ್ತದೆ. ಊರಾಚೆ ಸುರಿದ ಕಸದ ಗುಡ್ಡದ ಒಳಗೆ ನಡೆಯುವುದೂ ಇದೇ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತದೆ. ನಾವು ಕವರಿನಲ್ಲಿ ಕಟ್ಟಿ ಕಸದ ಗಾಡಿಗೆ ಕೊಡುವ ಬಾಳೆಹಣ್ಣಿನ ಸಿಪ್ಪೆಯ ಪರಿಣಾಮ ಅಷ್ಟು ದೂರ ಹೋಗುತ್ತದೆ, ಅದಕ್ಕೇ ನನಗೆ ಇದು ಬರೀ ಗಿಡದ ಗೊಬ್ಬರದ ಮಾತಲ್ಲ.

ಮಲೆನಾಡಿನವರಿಗೆ ಪರಿಹಾರ ಹೊಸದೇನೂ ಅಲ್ಲ. ಕೊಟ್ಟಿಗೆಗೆ ಸೊಪ್ಪು, ದರಕು (ಉದುರಿದ ಒಣ ಎಲೆ) ಹಾಸಿ, ಅದನ್ನು ಸಗಣಿ ಗಂಜಲದ ಜೊತೆ ಗೊಬ್ಬರದ ಗುಂಡಿಗೆ ಹಾಕುತ್ತಿದ್ದರಲ್ವಾ? ಸಗಣಿಯಲ್ಲಿ ಸಾರಜನಕ, ದರಕಿನಲ್ಲಿ ಇಂಗಾಲ. ಮನೆಯಲ್ಲಿ ಗೊಬ್ಬರ ಮಾಡುವ ಬಕೆಟ್‌ನಲ್ಲೂ ಅದೇ ಲೆಕ್ಕ, ಸಗಣಿಯ ಬದಲು ಹಸಿ ಸಿಪ್ಪೆ. ಒಂದು ಬೊಗಸೆ ಹಸಿ ಸಿಪ್ಪೆಗೆ ಎರಡು ಬೊಗಸೆ ಒಣ ಎಲೆ, ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಜುಲೈನಲ್ಲಿ ಒಣಗಿದ ಎಲೆ ಎಲ್ಲಿಂದ ತರುತ್ತೀರಿ? ಅದಕ್ಕೇ ಎಲೆ ಉದುರುವ ಕಾಲದಲ್ಲೇ ಗೋಣಿಚೀಲಗಳಲ್ಲಿ ತುಂಬಿ, ಸೂರಿನ ಕೆಳಗೆ ಇಟ್ಟುಕೊಳ್ಳಿ. ಆ ದಿನಗಳಲ್ಲಿ ರಸ್ತೆ ಬದಿ ಎಲೆ ಗುಡ್ಡೆ ಹಾಕಿ ಬೆಂಕಿ ಹಚ್ಚುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎಲೆ ಸಿಗದಿದ್ದರೆ ಮರಗೆಲಸದವರ ಹತ್ತಿರ ಹೊಟ್ಟು ಕೇಳಿ (ಪ್ಲೈವುಡ್ಡಿನದ್ದು ಬೇಡ, ಅದರಲ್ಲಿ ಅಂಟು ಇರುತ್ತದೆ), ಇಲ್ಲವೇ ಹಳೇ ಪೇಪರ್ ಹರಿದು ಹಾಕಿ.

ಬಕೆಟ್‌ನ ತಳಕ್ಕೂ ಬದಿಗೂ ತೂತು ಕೊರೆದು, ಇರಚಲು ಹೊಡೆಯದ ಕಡೆ ಇಟ್ಟಿಗೆ ಮೇಲೆ ಇಡಿ. ತಳಕ್ಕೆ ತೆಂಗಿನ ನಾರು ಅಥವಾ ಅಡಿಕೆ ಸಿಪ್ಪೆ. ಅಡಿಕೆ ಸಿಪ್ಪೆ ಬೇಗ ಕರಗುವುದಿಲ್ಲ, ಅದಕ್ಕೇ ಅಲ್ಲಿ ಒಳ್ಳೆಯದು, ನೀರು ಬಸಿಯುತ್ತದೆ. ವಾರಕ್ಕೊಮ್ಮೆ ಕೋಲಿನಿಂದ ಕೆದಕಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬಂದರೆ ಸರಿ, ಧಾರೆಯಾಗಿ ಇಳಿದರೆ ದರಕು ಸುರಿಯಿರಿ. ಹಲಸಿನ ಕಾಲದಲ್ಲಿ ಇದು ತುಂಬ ಮುಖ್ಯ, ಮಳೆ ಶುರುವಾಗುವ ಹೊತ್ತಿಗೇ ರಾಶಿ ರಾಶಿ ಸಿಪ್ಪೆ ಬರುತ್ತದೆ. ಸಣ್ಣಗೆ ಕೊಚ್ಚಿ, ಎರಡು ದಿನ ಹಾಗೇ ಇಟ್ಟು ನೀರು ಇಳಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ.

ಬಿಳಿ ಬೂಷ್ಟು ಬಂದರೆ ಹೆದರಬೇಡಿ, ಕೆಲಸ ನಡೆಯುತ್ತಿದೆ ಅಂತ ಅರ್ಥ. ದಪ್ಪ ಕಂದು ಹುಳಗಳೂ ಕಚ್ಚುವುದಿಲ್ಲ, ಸಿಪ್ಪೆ ತಿನ್ನುತ್ತವೆ ಅಷ್ಟೇ. ಮೀನು, ಮಾಂಸ, ಎಣ್ಣೆ ಮಾತ್ರ ಬೇಡ, ಇಲಿ ಬರುತ್ತವೆ.

ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಸಾಕು, ಮಳೆಯಲ್ಲಿ ಥಂಡಿಗೆ ನಿಧಾನ. ಕಪ್ಪಗಾಗಿ ಮಣ್ಣಿನ ವಾಸನೆ ಬಂದ ಮೇಲೆ ಜರಡಿ ಹಿಡಿದು ಬಸಳೆ, ಮಲ್ಲಿಗೆ ಬುಡಕ್ಕೆ ಹಾಕಿ. ಜರಡಿ ಮೇಲೆ ಉಳಿದ ದಪ್ಪ ಚೂರುಗಳನ್ನು ಎಸೆಯಬೇಡಿ. ಹೊಸ ಬಕೆಟ್‌ಗೆ ಸೇರಿಸಿದರೆ ಅದರಲ್ಲಿರುವ ಜೀವಿಗಳಿಂದ ಅಲ್ಲಿ ಕೆಲಸ ಬೇಗ ಶುರುವಾಗುತ್ತದೆ.