ಬಾಗಿಲು ಹಾಕಿದ್ದ ಮೂರು ವಾಲ್ಯೂಮ್

"ಅಣ್ಣ, ಹಾಸನಾಂಬೆ ಗುಡಿ ಬಾಗಿಲು ಹೆಚ್ಚುಕಮ್ಮಿ ವರ್ಷವೆಲ್ಲ ಹಾಕಿರುತ್ತೆ. ಹಂಗಂತ ಒಳಗೆ ಯಾರೂ ಇಲ್ಲ ಅಂತೀರಾ?"

ಮಂಗಳವಾರದಿಂದ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಹೇಳಿದ್ದು ನಮ್ಮ ಟೀಮಿನ ಹೊಸ ಹುಡುಗ, ಚನ್ನರಾಯಪಟ್ಟಣದವನು. ಬಾಯಿ ಸ್ವಲ್ಪ ಜಾಸ್ತಿ, ತಲೆಯೂ ಜಾಸ್ತಿನೇ.

ನಮ್ಮ ಪ್ರೋಗ್ರಾಂಗಳನ್ನೆಲ್ಲ ಓಡಿಸೋ ಕುಬರ್ನೆಟಿಸ್ ಕ್ಲಸ್ಟರ್‌ನ ಸ್ಟೋರೇಜ್ ಬಿಲ್ ಏರಿತ್ತು. ನಮ್ಮ ಮ್ಯಾನೇಜರ್‌ಗೆ ಬಿಲ್ ಬಿಟ್ಟು ಬೇರೇನೂ ಕಾಣೋದಿಲ್ಲ, ಇರಲಿ. ಹಾಸನದ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಪೈಥಾನ್ ಕ್ಲೈಂಟ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದೆ. ಪಿವಿಸಿಗಳ (ಡಿಸ್ಕ್ ಜಾಗ ಬೇಕು ಅಂತ ಬರೆದಿಟ್ಟ ಬೇಡಿಕೆಗಳು) ಪಟ್ಟಿ ತೆಗಿ, ಪಾಡ್‌ಗಳ (ಕ್ಲಸ್ಟರ್‌ನಲ್ಲಿ ಓಡೋ ಪ್ರೋಗ್ರಾಂಗಳು) ಪಟ್ಟಿ ತೆಗಿ, ಯಾವ ಪಾಡೂ ಹಿಡಿದುಕೊಂಡಿರದ ಪಿವಿಸಿ ಅಳಿಸು. 14 ಸಿಕ್ಕವು.

"ಅಣ್ಣ, ಪಟ್ಟಿ ಒಂದ್ಸಲ ಎಲ್ಲರಿಗೂ ಕಳಿಸೋಣ್ವಾ?"

"ಬಳಕೆಯಲ್ಲಿದ್ದರೆ ಅದೇ ತಡೆಯುತ್ತೆ ಬಿಡೋ" ಅಂದೆ.

ಸುಳ್ಳೇನಲ್ಲ. ಪಾಡ್ ಬಳಸುತ್ತಿರುವ ಪಿವಿಸಿಯನ್ನು ಅಳಿಸಿದರೆ ಅದು ಟರ್ಮಿನೇಟಿಂಗ್ ಅಂತ ನಿಂತಿರುತ್ತೆ, ಪಾಡ್ ಹೋಗೋವರೆಗೂ ಜಾಗ ಬಿಡೋದಿಲ್ಲ. ಆದರೆ ಆ 14ರಲ್ಲಿ ಮೂರು, ತಿಂಗಳ ಕೊನೆಗೆ ಮಾತ್ರ ಎದ್ದೇಳುವ ರಿಪೋರ್ಟ್ ಡೇಟಾಬೇಸ್‌ದು. ಉಳಿದ ದಿನ ಅದರ ಪಾಡ್‌ಗಳನ್ನು ನಡೆಸೋ ಸ್ಟೇಟ್‌ಫುಲ್‌ಸೆಟ್ಟನ್ನು ಸೊನ್ನೆಗೆ ಇಳಿಸಿರುತ್ತಾರೆ, ಅದೂ ಬಿಲ್ ಉಳಿಸೋಕೇ! ಪಾಡ್ ಇರೋದಿಲ್ಲ, ಪಿವಿಸಿ ಮಾತ್ರ ಕಾದು ಕೂತಿರುತ್ತೆ. ನನ್ನ ಸ್ಕ್ರಿಪ್ಟ್‌ಗೆ ಕಂಡಿದ್ದು ಹಾಕಿದ ಬಾಗಿಲು ಅಷ್ಟೇ.

ಅಮ್ಮ ಕಾಫಿ ತಂದಿಟ್ಟು ಹೋಗುವಷ್ಟರಲ್ಲಿ ಮುಗಿದಿತ್ತು. ಪರದೆಯ ಮೇಲೆ 14 ಸಾಲು, ಒಂದೇ ಒಂದು ಎರರ್ ಇಲ್ಲ. ಖುಷಿಯಾಗಿ ಲೋಟ ಎತ್ತಿಕೊಂಡೆ. ಅರ್ಧ ಕಾಫಿಗೆ ಫೋನ್ ಬಂತು.

ಡಿಸ್ಕ್ ಹೇಗೆ ಕೊಡಬೇಕು ಅಂತ ಹೇಳೋ ನಮ್ಮ ಸ್ಟೋರೇಜ್‌ಕ್ಲಾಸ್‌ನಲ್ಲಿ ರಿಕ್ಲೇಮ್ ಪಾಲಿಸಿಯನ್ನು, ಅಂದರೆ ಪಿವಿಸಿ ಹೋದಮೇಲೆ ಡಿಸ್ಕನ್ನು ಏನು ಮಾಡಬೇಕು ಅನ್ನೋದನ್ನು, ಯಾರೂ ಬರೆದಿರಲಿಲ್ಲ. ಬರೆಯದಿದ್ದರೆ ಡಿಲೀಟ್ ಅಂತಲೇ ಲೆಕ್ಕ. ಪಿವಿಸಿ ಹೋದ ಬೆನ್ನಿಗೇ ಪಿವಿ (ಕ್ಲಸ್ಟರ್‌ನಲ್ಲಿ ಡಿಸ್ಕಿನ ದಾಖಲೆ) ಹೋಯಿತು, ಅದರ ಹಿಂದಿದ್ದ ಡಿಸ್ಕೂ ಹೋಯಿತು. ರಿಟೇನ್ ಅಂತಿದ್ದಿದ್ದರೆ ಪಿವಿ ರಿಲೀಸ್ಡ್ ಅಂತ ಉಳಿದಿರುತ್ತಿತ್ತು, ಹಳೇ ಪಿವಿಸಿಯ ಗುರುತಾದ ಕ್ಲೇಮ್‌ರೆಫ್ ತೆಗೆದು ಹೊಸ ಪಿವಿಸಿಗೆ ಕಟ್ಟಬಹುದಿತ್ತು. ಅಳಿಸೋ ಮೊದಲು ಪಿವಿಗೆ ಪಾಲಿಸಿಯನ್ನು ರಿಟೇನ್ ಮಾಡೋ ಒಂದು ಪ್ಯಾಚ್ ಕರೆ ಹಾಕಿದ್ದರೆ ಸಾಕಿತ್ತು, ಒಂದೇ ಸಾಲು.

ಆ ಹುಡುಗ ಗುಡಿ ಮಾತು ಎತ್ತಿದ್ದು ಆಗ. ಅಳಿಸೋ ಮೊದಲೇ ಹೇಳಬಾರದಿತ್ತಾ ಅಂತ ರೇಗಿತು. ಆಮೇಲೆ ನೆನಪಾಯ್ತು, ಹೇಳಿದ್ದನಲ್ವಾ, ಪಟ್ಟಿ ಕಳಿಸೋಣ್ವಾ ಅಂತ. ಜೋರಾಗಿ ಹೇಳಲಿಲ್ಲ ಅಷ್ಟೇ. ಹೊಸಬರು ಜೋರಾಗಿ ಹೇಳೋ ಹಾಗೆ ನಾವಾದರೂ ಎಲ್ಲಿ ಬಿಡ್ತೀವಿ? ನಾನು ಸೇರಿದ ವರ್ಷ ನನ್ನ ಸೀನಿಯರ್ ಕೂಡ ಹೀಗೇ "ಬಿಡೋ" ಅನ್ನುತ್ತಿದ್ದರು. ಎಷ್ಟು ಉರಿಯುತ್ತಿತ್ತು ಆಗ.

ಡಿಸ್ಕಿನ ಒಂಬತ್ತು ದಿನ ಹಳೆಯ ನಕಲು, ಸ್ನ್ಯಾಪ್‌ಶಾಟ್, ಸಿಕ್ಕಿತು. ನಡುವಿನದ್ದನ್ನು ಇಬ್ಬರೂ ರಾತ್ರಿ ಒಂದೂವರೆವರೆಗೆ ಕೂತು ತುಂಬಿಸಿದೆವು.

ಈಗ ಸ್ಕ್ರಿಪ್ಟ್ ಒಂದು ಲೇಬಲ್ ನೋಡುತ್ತೆ, ಅದಿರೋ ಪಿವಿಸಿಯನ್ನು ಮುಟ್ಟೋದಿಲ್ಲ. ಲೇಬಲ್‌ಗೆ ಹೆಸರಿಟ್ಟವನು ಅವನೇ, ಹಾಸನಾಂಬ ಅಂತ. ಅದೇನು ಅಂತ ಮ್ಯಾನೇಜರ್ ಇನ್ನೂ ಕೇಳಿಲ್ಲ.