ದುಬೈ ಓವನ್, ಬದಿಯಡ್ಕದ ಮಳೆ

ನಮ್ಮ ಮನೆಗೆ ಮೈಕ್ರೋವೇವ್ ಓವನ್ ಬಂದದ್ದು ಹೋದ ವರ್ಷ, ವಿಷು ಹಬ್ಬಕ್ಕೆ ಒಂದು ವಾರ ಇರುವಾಗ. ದುಬೈಯಲ್ಲಿರುವ ಭಾವ ಕಾರ್ಗೋದಲ್ಲಿ ಹಾಕಿ ಕಳಿಸಿದ್ದರು. ನೀಲಿ ಹಗ್ಗ ಬಿಗಿದ ದೊಡ್ಡ ಪೆಟ್ಟಿಗೆ. ಮೇಲೆ ಮಾರ್ಕರಿನಲ್ಲಿ ದಪ್ಪಕ್ಕೆ ಮನೆ ಹೆಸರು, ಬದಿಯಡ್ಕ, ಕಾಸರಗೋಡು ಜಿಲ್ಲೆ. ಓವನಿನ ಒಳಗೆ ಜಾಗ ಖಾಲಿ ಬಿಡುವುದೆಂತಕ್ಕೆ ಅಂತ ಖರ್ಜೂರದ ಪ್ಯಾಕೆಟ್, ಸಾಬೂನು, ಚಿನ್ನದ ಗೆರೆ ಇದ್ದ ಆರು ಟೀ ಕಪ್ಪು ತುಂಬಿಸಿದ್ದರು. ಆ ಕಪ್ಪಿನ ವಿಷಯ ಆಮೇಲೆ ಹೇಳುತ್ತೇನೆ.

ಮೊದಲ ತೊಂದರೆ ಪ್ಲಗ್. ದುಬೈಯ ಪ್ಲಗ್ಗಿಗೆ ಮೂರು ಚಪ್ಪಟೆ ಕಾಲು, ನಮ್ಮ ಗೋಡೆಯಲ್ಲಿ ದುಂಡು ತೂತು. ಕಾಸರಗೋಡಿನ ಕಡೆ ಗಲ್ಫಿನ ಸಾಮಾನು ಇಲ್ಲದ ಮನೆ ಕಡಿಮೆ. ಹಾಗಾಗಿ ಎಲ್ಲರ ಮನೆಯ ಡ್ರಾಯರಿನಲ್ಲೂ ಒಂದೆರಡು ಬಿಳಿ ಅಡಾಪ್ಟರ್ ಬಿದ್ದಿರುತ್ತವೆ. ಇವರು, ಅಂದರೆ ನನ್ನ ಗಂಡ, ಅದನ್ನೇ ಸಿಕ್ಕಿಸಿ ಒಂದು ಲೋಟ ನೀರು ಬಿಸಿ ಮಾಡಿ ತೋರಿಸಿದರು. ಎಲ್ಲರಿಗೂ ಖುಷಿ. ನಾನು ಸುಮ್ನೆ ಅಡಾಪ್ಟರ್ ಮುಟ್ಟಿ ನೋಡಿದೆ. ನೀರಿನಷ್ಟಲ್ಲದಿದ್ದರೂ ಅದೂ ಬಿಸಿ!

ಓವನಿನ ಹಿಂದಿನ ಚೀಟಿಯಲ್ಲಿ ಎರಡು ಲೆಕ್ಕ ಇರುತ್ತದೆ. ನಮ್ಮದು 800 ವ್ಯಾಟ್ ಅಂತ ಹೇಳುವುದು ಊಟಕ್ಕೆ ಸಿಗುವ ಶಾಖ. ಗೋಡೆಯಿಂದ ಅದು ಎಳೆಯುವುದು 1200 ವ್ಯಾಟಿಗೂ ಜಾಸ್ತಿ. ಮೊಬೈಲ್ ಚಾರ್ಜರ್ ಸಿಕ್ಕಿಸುವ ಅಂಥ ಅಡಾಪ್ಟರಿಗೆ, ತೆಳ್ಳಗಿನ ವಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಅಷ್ಟು ಹೊರಲು ಆಗುವುದಿಲ್ಲ. ಎರಡು ದಿನ ಕಳೆದು ಎಲೆಕ್ಟ್ರಿಷಿಯನ್ ಬಂದು ಹಳೇ ಪ್ಲಗ್ ಕತ್ತರಿಸಿ ನಮ್ಮ 16 ಆಂಪಿಯರಿನ ಮೂರು ಪಿನ್ನಿನದು ಹಾಕಿ ಕೊಟ್ಟ. ಹಸಿರು ಹಳದಿ ಬಣ್ಣದ ವಯರನ್ನು, ಅಂದರೆ ಅರ್ತಿಂಗನ್ನು, ದೊಡ್ಡ ಪಿನ್ನಿಗೆ ಸರಿಯಾಗಿ ಕಟ್ಟಿದ್ದಾನಾ ಅಂತ ಪಕ್ಕದಲ್ಲಿ ನಿಂತು ನೋಡಿದೆ. ತಗಡಿನ ಮೈಯ ಯಂತ್ರ, ಮಳೆಗಾಲದಲ್ಲಿ ಒದ್ದೆ ಕಾಲಲ್ಲಿ ನಿಂತು ಮುಟ್ಟುವವರು ನಾವು. ಅದೊಂದು ವಯರ್ ಬಿಟ್ಟು ಹೋಗುವವರು ಬೇಕಾದಷ್ಟು ಜನ ಇದ್ದಾರೆ.

ಅದೇ ಹಿಂದಿನ ಬದಿಯಲ್ಲಿ ಹಳದಿ ಸ್ಟಿಕ್ಕರ್ ಇತ್ತು. ಮಿಂಚಿನ ಚಿತ್ರ, ಕೆಳಗೆ ಅರಬಿ ಅಕ್ಷರ. ಏಳು ವರ್ಷ ಶಾರ್ಜಾದಲ್ಲಿ ಇದ್ದು ಬಂದ ಪಕ್ಕದ ಮನೆಯ ಹುಡುಗ ಬಗ್ಗಿ ಓದಿ, "ಖತರ್ ಅಂತ ಉಂಟು, ಅಪಾಯ ಅಂತ" ಎಂದ. ನಮ್ಮ ಖತರ್ನಾಕ್ ಬಂದದ್ದು ಅಲ್ಲಿಂದಲೇ ಅಲ್ವಾ!

ಅತ್ತೆಗೆ ಅಷ್ಟೇ ಸಾಕಾಯಿತು. ಅವರು ಆ ದಿನದಿಂದ ಓವನ್ ಓಡುವಾಗ ಅಡುಗೆಮನೆಯಲ್ಲಿ ನಿಲ್ಲುವುದನ್ನೇ ಬಿಟ್ಟರು. "ಕಿರಣ ಬರುತ್ತದಂತೆ, ಊಟದಲ್ಲೂ ಉಳಿಯುತ್ತದಂತೆ. ನೀನೂ ಈಚೆ ಬಾ" ಅಂತ ಜಗಲಿಯಿಂದ ಕರೆಯುತ್ತಿದ್ದರು. ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದು.

ಊಟದಲ್ಲಿ ಏನೂ ಉಳಿಯುವುದಿಲ್ಲ. ಸ್ವಿಚ್ ತೆಗೆದರೆ ಕೋಣೆಯಲ್ಲಿ ಬೆಳಕು ಉಳಿಯುತ್ತದಾ? ಹಾಗೆಯೇ ಇದು. ಬಾಗಿಲು ತೆರೆದ ಕ್ಷಣಕ್ಕೆ ಊಟ ಬಿಸಿ ಮಾಡುವ ಮೈಕ್ರೋವೇವ್ ಅಲೆ ನಿಂತಿತು. ಬಾಗಿಲಿನ ಚಿಲಕದ ಒಳಗೆ ಒಂದಲ್ಲ ಎರಡು ಮೂರು ಸ್ವಿಚ್ ಇರುವುದು ಅದಕ್ಕೇ. ಗಾಜಿನ ಹಿಂದೆ ಕಾಣುವ ಕಪ್ಪು ಜಾಲರಿಯ ತೂತು ಗುಂಡುಸೂಜಿಯ ತಲೆಯಷ್ಟು. ಒಳಗಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಹಾಗಾಗಿ ಅದು ಆ ತೂತಿನಲ್ಲಿ ಹೊರಗೆ ಬರುವ ಹಾಗಿಲ್ಲ. ಬಾಗಿಲು ಬಾಗಿದ್ದರೆ, ಸರಿಯಾಗಿ ಮುಚ್ಚದಿದ್ದರೆ, ಅಂಚಿಗೆ ಎಣ್ಣೆ ಜಿಡ್ಡು ಗಟ್ಟಿಯಾಗಿ ಕೂತಿದ್ದರೆ ಮಾತು ಬೇರೆ. ಆಗ ಓಡಿಸಲೇಬಾರದು.

ಇದನ್ನು ಅತ್ತೆಗೆ ನಾನು ಎಷ್ಟು ಹೇಳಿದರೂ ಆಗಲಿಲ್ಲ. ಪ್ಲಸ್ ಟೂ ಓದುವ ಮಗಳು ಹಲಸಿನ ಹಪ್ಪಳ ಹಿಡಿದು ಬಂದಳು. ಗಾಜಿನ ತಟ್ಟೆಯನ್ನು ತೆಗೆದು, ಅದು ಕೂರುವ ತಿರುಗಣಿಯ ಮೇಲೆ ಪಿಂಗಾಣಿಯ ಬಟ್ಟಲೊಂದನ್ನು ಕವುಚಿ ಹಾಕಿ, ಅದರ ಮೇಲೆ ತಿರುಗದ ಹಾಗೆ ಅಗಲದ ಪಿಂಗಾಣಿ ತಟ್ಟೆ ಇಟ್ಟಳು. ಎರಡು ಹಪ್ಪಳ ಪಕ್ಕ ಪಕ್ಕ, ಅರ್ಧ ನಿಮಿಷ. ಹೊರಗೆ ತೆಗೆದರೆ ಹಪ್ಪಳದ ಮೈಯಲ್ಲಿ ಅಲ್ಲಲ್ಲಿ ಮಾತ್ರ ಉಬ್ಬಿ ಕೆಂಪಾದ ಕಲೆ, ನಡುವೆ ಹಸಿ ಹಸಿ. ಸ್ಕೇಲ್ ಇಟ್ಟು ಅಳೆದಳು. ಒಂದು ಕಲೆಯಿಂದ ಇನ್ನೊಂದಕ್ಕೆ ಒಂದು ಕಡೆ ಐದೂವರೆ, ಒಂದು ಕಡೆ ಏಳು, ಹೆಚ್ಚಿನ ಕಡೆ ಆರು ಸೆಂಟಿಮೀಟರಿನ ಹತ್ತಿರ. ಅಲೆಯ ಉದ್ದದ ಅರ್ಧ. ದುಪ್ಪಟ್ಟು ಮಾಡಿ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅಂತ ಓವನಿನ ಹಿಂದೆ ಬರೆದ 2450 ಮೆಗಾಹರ್ಟ್ಸ್‌ನಿಂದ ಗುಣಿಸಿದರೆ ಬೆಳಕಿನ ವೇಗ ಬರುತ್ತದೆ ಅಂತ ಹೇಳಿ ಕುಣಿದಳು. ಅತ್ತೆಗೆ ಬೆಳಕಿನ ವೇಗ ಬೇಡ. "ಸುಡುವುದು ಇಷ್ಟಿಷ್ಟು ಜಾಗದಲ್ಲಿ ಮಾತ್ರವಾ? ಹಾಗಾದರೆ ನಡುವಿನದ್ದು ಬೇಯುವುದು ಹೇಗೆ?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ತಟ್ಟೆ ತಿರುಗುವುದು ಅದಕ್ಕೇ. ತಿರುಗಿದರೂ ಪೂರ್ತಿ ಸರಿಯಾಗುವುದಿಲ್ಲ. ಸಾಂಬಾರನ್ನು ನಡುವೆ ಒಮ್ಮೆ ನಿಲ್ಲಿಸಿ ಕಲಸಬೇಕು, ಆದ ಮೇಲೆ ಒಂದೆರಡು ನಿಮಿಷ ಹಾಗೇ ಬಿಡಬೇಕು. ಮಗುವಿನ ಹಾಲನ್ನಂತೂ ಇದರಲ್ಲಿ ಬಿಸಿ ಮಾಡಬೇಡಿ. ಬಾಟಲಿ ಹೊರಗೆ ಉಗುರು ಬೆಚ್ಚಗಿದ್ದು ಒಳಗೆ ನಾಲಗೆ ಸುಡುವಷ್ಟು ಬಿಸಿ ಇರುತ್ತದೆ.

ಹಪ್ಪಳ ತಿಂದ ಮೇಲೆ ಅತ್ತೆಯ ಹೆದರಿಕೆ ಅರ್ಧ ಇಳಿಯಿತು. ಕೆಲಸ ಕೆಡಿಸಿದ್ದು ನಾನು.

ಜೂನಿನ ಒಂದು ಸಂಜೆ. ಧೋ ಅಂತ ಮಳೆ. ಅಕ್ಷಯ ಅನ್ನುವ ಸರಕಾರಿ ಸೇವಾ ಕೇಂದ್ರದ ಕೆಲಸ ಮುಗಿಸಿ ನೆನೆದು ಬಂದಿದ್ದೆ. ಅಟ್ಟದಲ್ಲಿ ಕೆಮ್ಮಣ್ಣು ಹಚ್ಚಿಟ್ಟ ಹಲಸಿನ ಬೇಳೆ, ಅಂದರೆ ಬೀಜ, ಇತ್ತು. ಬಚ್ಚಲ ಒಲೆಯಲ್ಲಿ ಕೆಂಡ ಇರಲಿಲ್ಲ. ಓವನ್ ಉಂಟಲ್ಲ, ಬೇಳೆ ತೊಳೆದು ಹತ್ತು ಹನ್ನೆರಡು ತಟ್ಟೆಗೆ ಹಾಕಿ ಮೂರು ನಿಮಿಷ ಒತ್ತಿದೆ. ಒಂದು ನಿಮಿಷ ಕಳೆಯಿತು. ಮೊದಲು ಸಣ್ಣಗೆ ಚಿಟಿಚಿಟಿ. ಆಮೇಲೆ ಢಂ! ಇನ್ನೊಂದು ಢಂ! ಬಾಗಿಲು ಹಾರಿ ತೆರೆಯಿತು, ಓವನ್ ತಾನಾಗಿ ನಿಂತಿತು. ಅತ್ತೆ ಓಡಿ ಬಂದರು. "ಎಂತ ಮಾರಾಯ್ತಿ ಇದು, ಗರ್ನಾಲು ಬಿಟ್ಟ ಹಾಗೆ!"

ನೋಡಿದರೆ ಒಳಗೆಲ್ಲ ಬೇಳೆಯ ಹಿಟ್ಟು. ಚಾವಣಿಗೆ, ಗೋಡೆಗೆ, ಬಾಗಿಲಿನ ಜಾಲರಿಗೆ. ಅತ್ತೆ ನಗಲಿಲ್ಲ. ನಿಧಾನಕ್ಕೆ, "ಕೆಂಡಕ್ಕೆ ಹಾಕುವಾಗ ನಾನು ಪ್ರತಿ ಬೇಳೆಯ ತುದಿ ಜಜ್ಜುವುದು ನೀನು ನೋಡಲಿಲ್ಲವಾ?" ಅಂದರು. ಹದಿನೆಂಟು ವರ್ಷದಿಂದ ನೋಡಿದ್ದೇನೆ. ಎಂತಕ್ಕೆ ಅಂತ ಕೇಳಿರಲಿಲ್ಲ. ಒಳಗಿನ ನೀರು ಆವಿಯಾಗಿ ಹೊರಗೆ ಬರಲು ದಾರಿ ಬೇಕು. ಸಿಪ್ಪೆ ಇರುವ ಯಾವುದೂ ಹಾಗೆಯೇ. ಮೊಟ್ಟೆ, ಇಡೀ ಬಟಾಟೆ, ಬಿಗಿ ಮುಚ್ಚಳದ ಡಬ್ಬಿ ಎಲ್ಲವೂ.

ಈ ಓವನ್ ಹುಟ್ಟಿದ ಕಾಲಕ್ಕೇ ಇಂಥದ್ದೊಂದು ಆಗಿದೆ. ಅಮೆರಿಕದ ಪರ್ಸಿ ಸ್ಪೆನ್ಸರ್ 1945ರಲ್ಲಿ ರಾಡಾರಿನಲ್ಲಿ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಹತ್ತಿರ ನಿಂತಿದ್ದಾಗ ಜೇಬಿನ ಮಿಠಾಯಿ ಕರಗಿ ಹೋಯಿತು. ಆಮೇಲೆ ಮೊಟ್ಟೆ ಇಟ್ಟು ನೋಡಿದರೆ ಬಗ್ಗಿ ನೋಡುತ್ತಿದ್ದವನ ಮುಖಕ್ಕೆ ಸಿಡಿಯಿತಂತೆ. ಎರಡು ವರ್ಷ ಕಳೆದು ಮಾರಾಟಕ್ಕೆ ಬಂದ ಮೊದಲ ಓವನ್ ಆಳೆತ್ತರ, 340 ಕಿಲೋ ತೂಕ. ಅದರಲ್ಲಿ ಹಲಸಿನ ಬೇಳೆ ಹಾಕಿದ್ದರೆ ಏನಾಗುತ್ತಿತ್ತೋ.

ನಾನು ಕಂಡಷ್ಟು ಹಿಟ್ಟು ಒರೆಸಿದೆ. ಕಾಣದ್ದು ಒಂದು ಉಳಿದಿತ್ತು. ಓವನಿನ ಒಳಗೆ ಬಲಗಡೆಯ ಗೋಡೆಯಲ್ಲಿ ಅಂಗೈಯಷ್ಟು ಅಗಲದ, ರಟ್ಟಿನ ಹಾಗೆ ಕಾಣುವ ಬೂದು ಹಾಳೆ ಇರುತ್ತದೆ. ಅದು ರಟ್ಟಲ್ಲ, ಮೈಕಾ, ಅಂದರೆ ಅಭ್ರಕ. ಅಲೆ ಒಳಗೆ ಬರುವ ದಾರಿಯ ಬಾಗಿಲು ಅದು. ಅಲೆಯನ್ನು ಬಿಡುತ್ತದೆ, ಆವಿ ಜಿಡ್ಡನ್ನು ತಡೆಯುತ್ತದೆ. ಅದರ ಮೂಲೆಯಲ್ಲಿ ಬೇಳೆಯ ಹಿಟ್ಟು ಒಣಗಿ ಕೂತಿತ್ತು. ದಿನಾ ಬಿಸಿ ಆಗಿ ಆಗಿ ಸೀದು ಇದ್ದಿಲಾಯಿತು. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಮಧ್ಯಾಹ್ನ ಪಲ್ಯ ಬಿಸಿ ಮಾಡಲು ಇಟ್ಟರೆ ಬಲಗಡೆ ಚಟಚಟ ಅಂತ ನೀಲಿ ಮಿಂಚು. ಸೀದ ವಾಸನೆ. ನಾನು ಬಾಗಿಲು ತೆರೆಯಲು ಕೈ ಹಾಕಿದ್ದೆ, ಅಷ್ಟರಲ್ಲಿ ಮಗಳು ಗೋಡೆಯ ಸ್ವಿಚ್ ತೆಗೆದಳು. ಅವಳು ಮಾಡಿದ್ದೇ ಸರಿ. ಒಳಗೆ ಬೆಂಕಿ ಹಿಡಿದಿದ್ದರೆ ಬಾಗಿಲು ತೆರೆದ ಕೂಡಲೇ ಗಾಳಿ ಸಿಕ್ಕಿ ದೊಡ್ಡದಾಗುತ್ತದೆ. ಮುಚ್ಚಿಟ್ಟರೆ ತಾನೇ ಆರುತ್ತದೆ.

ಮೆಕ್ಯಾನಿಕ್ ಕಾಸರಗೋಡಿನಿಂದ ಬಂದ. ಅವನಿಗೆ ಮಲಯಾಳ, ಅತ್ತೆಗೆ ತುಳು ಮತ್ತು ಕನ್ನಡ, ನಡುವೆ ನಾನು. ಪ್ಲಗ್ ಎಳೆದು ಸ್ವಲ್ಪ ಹೊತ್ತು ಕೂತ. ಹೊರಗಿನ ತಗಡು ಬಿಚ್ಚಿದ. ನಾನು ಟಾರ್ಚ್ ಹಿಡಿದು ಮುಂದೆ ಬಗ್ಗಿದರೆ, "ಕೈ ಇಡಲ್ಲೇ ಚೇಚೀ!", ಕೈ ಹಾಕಬೇಡಿ ಅಕ್ಕಾ ಅಂತ ಹೆಚ್ಚು ಕಡಿಮೆ ಬೈದ. ಒಳಗೆ ಸಣ್ಣ ತಗಡಿನ ಡಬ್ಬಿಯ ಹಾಗೆ ಕೂತಿದ್ದು ಕೆಪಾಸಿಟರ್. ನಮ್ಮ ಗೋಡೆಯಲ್ಲಿ 230 ವೋಲ್ಟ್, ಅದರಲ್ಲಿ ಎರಡು ಸಾವಿರಕ್ಕೂ ಮೇಲೆ. ಪ್ಲಗ್ ಎಳೆದ ಮೇಲೂ ಅದರಲ್ಲಿ ಕರೆಂಟು ಉಳಿದಿರಬಹುದು. ಅರಬಿಯಲ್ಲಿ ಖತರ್ ಅಂತ ಬರೆದದ್ದು ಇದಕ್ಕೆ. ಫ್ಯಾನು, ಮಿಕ್ಸಿ ಬಿಚ್ಚಿ ಸರಿ ಮಾಡುವ ಇವರಿಗೆ ಆ ದಿನವೇ ಹೇಳಿಟ್ಟೆ: ಇದರ ಸ್ಕ್ರೂ ಮುಟ್ಟಬೇಡಿ.

ಒಳಗೆ ಫ್ಯಾನಿನ ಹತ್ತಿರ ಒಂದು ಹಲ್ಲಿ, ಒಣಗಿ ಹಾಳೆಯಾಗಿತ್ತು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಹಿಂದಿನ ಗಾಳಿಯ ಕಿಂಡಿಯಿಂದ ಬಂದದ್ದು. ಸರ್ಕ್ಯೂಟ್ ಬೋರ್ಡಿನ ಮೇಲೆ ಸತ್ತಿದ್ದರೆ ಬೋರ್ಡೇ ಹೋಗುತ್ತಿತ್ತಂತೆ. ಕಿಂಡಿಗೆ ಬಟ್ಟೆ ಮುಚ್ಚಿದರೆ ಆಗದಾ ಅಂತ ಅತ್ತೆ ಕೇಳಿದರು. ಆಗುವುದಿಲ್ಲ, ಗಾಳಿ ಇಲ್ಲದೆ ಒಳಗೆ ಕಾಯುತ್ತದೆ. ಗೋಡೆಯಿಂದ ಒಂದು ಗೇಣು ಈಚೆ ಇಟ್ಟು, ಹಿಂದೆ ಗುಡಿಸುತ್ತಾ ಇರುವುದು ಒಂದೇ ದಾರಿ. ಹೊಸ ಮೈಕಾ ಹಾಳೆಯನ್ನು ಕತ್ತರಿಯಲ್ಲಿ ಹಳೆಯದರ ಅಳತೆಗೆ ಕತ್ತರಿಸಿ ಕೂರಿಸಿದ. ಹಾಳೆಗೆ 80 ರೂಪಾಯಿ. ಅವನು ಬಂದು ಹೋದದ್ದಕ್ಕೆ ಅದರ ಐದು ಪಟ್ಟು.

ಈಗ ವಾರಕ್ಕೊಮ್ಮೆ ಓವನ್ ತೊಳೆಯುವ ದಿನ. ಎಲ್ಲರೂ ಲಿಂಬೆ ಹೇಳುತ್ತಾರೆ. ನಮ್ಮಲ್ಲಿ ಬಾವಿಕಟ್ಟೆಯ ಬಿಂಬುಳಿ ಅನ್ನುವ ಹುಳಿಕಾಯಿಯ ಮರ ಕಾಂಡ ಕಾಣದಷ್ಟು ಕಾಯಿ ಬಿಡುತ್ತದೆ. ನಾಲ್ಕೈದು ಕಾಯಿ ಕತ್ತರಿಸಿ ಒಂದು ಗಾಜಿನ ಬಟ್ಟಲು ನೀರಿಗೆ ಹಾಕಿ ಐದು ನಿಮಿಷ. ಆದ ಮೇಲೆ ಇನ್ನೈದು ನಿಮಿಷ ಬಾಗಿಲು ಮುಚ್ಚಿಯೇ ಇರಲಿ. ಆವಿಗೆ ಜಿಡ್ಡು ಮೆತ್ತಗಾಗಿ ಬಟ್ಟೆಯಲ್ಲೇ ಬರುತ್ತದೆ. ತೆಂಗಿನ ನಾರು, ಸ್ಟೀಲ್ ಸ್ಕ್ರಬ್ಬರ್ ಬೇಡ. ಬಣ್ಣ ಎದ್ದರೆ ನಮ್ಮ ಹವೆಗೆ ಎರಡೇ ವಾರದಲ್ಲಿ ತುಕ್ಕು, ತುಕ್ಕಿಗೆ ಮತ್ತೆ ಮಿಂಚು. ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಿ. ಇನ್ನು ಪಲ್ಯ ಸಿಡಿಯದ ಹಾಗೆ ಮುಚ್ಚಲು ನಮ್ಮಲ್ಲಿ ಬಾಳೆಎಲೆಯ ತುಂಡು. ಒಂದು ಬದಿ ಸ್ವಲ್ಪ ತೆರೆದಿಡಬೇಕು ಅಷ್ಟೆ. ಹೋಟೆಲಿನ ಪಾರ್ಸೆಲ್ ಚೀಲ, ಐಸ್‌ಕ್ರೀಮ್ ಡಬ್ಬಿ ಒಳಗೆ ಹೋಗುವುದೇ ಇಲ್ಲ.

ಚಿನ್ನದ ಗೆರೆಯ ಕಪ್ಪು? ಇವರು ತಣ್ಣಗಾದ ಚಹಾ ಅದರಲ್ಲೇ ಇಟ್ಟರು. ಎರಡು ಸೆಕೆಂಡಿಗೆ ಕಪ್ಪಿನ ಬಾಯಿಯ ಸುತ್ತ ಕಿಡಿ ಓಡಿತು. ಗೆರೆ ಲೋಹದ್ದೇ. ಈಗ ಅಲ್ಲಲ್ಲಿ ಕಪ್ಪಾದ ಆ ಕಪ್ಪು ಇವರ ಶೇವಿಂಗ್ ಬ್ರಷ್ ಇಡಲು.

ನನಗೆ ನಿಜವಾಗಿ ಹೆದರಿಕೆ ಆದದ್ದು ಮಾತ್ರ ಬರೀ ನೀರಿನಿಂದ. ನೆಗಡಿ ಅಂತ ಕಷಾಯಕ್ಕೆ ಹೊಸ ಗಾಜಿನ ಲೋಟದಲ್ಲಿ ನೀರಿಟ್ಟೆ. ಕುದಿದ ಹಾಗೆ ಕಾಣಲಿಲ್ಲ, ಇನ್ನೊಂದು ನಿಮಿಷ ಕೊಟ್ಟೆ. ಹೊರಗೆ ತೆಗೆದಾಗಲೂ ನೀರು ಬಾವಿಯ ಹಾಗೆ ಸುಮ್ಮನೆ. ಕೊತ್ತಂಬರಿ ಜೀರಿಗೆಯ ಕಷಾಯದ ಪುಡಿ ಒಂದು ಚಮಚ ಹಾಕಿದ್ದೇ ತಡ, ಇಡೀ ಲೋಟ ಉಕ್ಕಿ ಮೇಲೆದ್ದಿತು. ಮಣಿಕಟ್ಟು ಸುಟ್ಟು ಬೊಬ್ಬೆ ಬಂತು. ನುಣುಪು ಗಾಜಿನಲ್ಲಿ ಗುಳ್ಳೆ ಏಳಲು ಜಾಗ ಸಿಗದೆ ನೀರು ಕುದಿಯುವ ಬಿಸಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಪುಡಿ ಬಿದ್ದರೆ ಒಮ್ಮೆಲೇ. ಈಗ ಮರದ ಚಮಚ ಒಂದನ್ನು ನೀರಲ್ಲೇ ಇಟ್ಟು ಬಿಸಿ ಮಾಡುತ್ತೇನೆ, ತೆಗೆಯುವ ಮೊದಲು ಒಂದು ನಿಮಿಷ ಕಾಯುತ್ತೇನೆ.

ಅತ್ತೆ ಈಗ ತಾವೇ ಹಪ್ಪಳ ಸುಡುತ್ತಾರೆ. ಕಿರಣದ ಮಾತಿಲ್ಲ. ಆದರೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಸಿಡಿಲು ಶುರುವಾದ ಮೇಲೆ ಓವನಿನ ಪ್ಲಗ್ ಎಳೆಯುವ ಕೆಲಸ ಅವರದ್ದು. ಸಿಡಿಲಿಗೆ ನಮ್ಮ ಗುಡ್ಡದ ಎಷ್ಟೋ ಮನೆಯ ಟಿವಿ, ಫ್ರಿಜ್ ಹೋಗಿವೆ, ಹಾಗಾಗಿ ನಾನೂ ಬೇಡ ಅನ್ನುವುದಿಲ್ಲ. ನಿನ್ನೆ ಸಂಜೆ ಆಕಾಶ ಸ್ವಚ್ಛ ಇತ್ತು. ಮಂಗಳೂರಿನ ಕಡೆಯ ವಿಮಾನವೊಂದು ಗುಂ ಅಂತ ಹೋದದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಳಗೆ ಹೋಗಿ ನೋಡಿದರೆ ಪ್ಲಗ್ ನೆಲದಲ್ಲಿ. ಬೆಳಿಗ್ಗೆ ಮತ್ತೆ ಹಾಕಿದ್ದೇನೆ. ಗಡಿಯಾರ ಸೊನ್ನೆ ಸೊನ್ನೆ ಅಂತ ಮಿಣುಕುತ್ತಾ ಕೂತಿದೆ, ಸರಿ ಮಾಡಲು ಹೋಗಲಿಲ್ಲ.